ದೂರದ ಕರೆ

ಒಬ್ಬರು ಇನ್ನೊಬ್ಬರನ್ನು ಕರೆಯುವುದರಲ್ಲಿ ಎರಡು ಬಗೆಯುಂಟು. ಒಂದೇ ಮನೆಯಲ್ಲಿ ಅಡುಗೆಮನೆಯಿಂದ ಪಡಸಾಲೆಗೆ ಕರೆಯುವುದು ಒಂದು. ಹೊಲದ ಬದುವಿನ ಮೇಲೆ ನಿಂತು ಹಳ್ಳದಾಚೆಯ ಹೊಲದಲ್ಲಿರುವವನನ್ನು ಕೂಗಿ ಕರೆಯುವುದು ಇನ್ನೊಂದು. ಮೊದಲನೆಯದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಕೇಳಿಸಿತೋ ಇಲ್ಲವೋ, ಹೇಳಿದ್ದನ್ನು ಮಾಡಿದನೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ. ಎರಡನೆಯದರಲ್ಲಿ ಹಾಗಲ್ಲ. ಕೂಗಿದ ಮಾತು ಗಾಳಿಯ ಪಾಲಾಯಿತೋ, ಆತನು ಕೇಳಿಯೂ ಸುಮ್ಮನಿದ್ದನೋ, ಅಥವಾ ಹೇಳಿದ ಕೆಲಸವನ್ನು ಮಾಡಿ ಮುಗಿಸಿ ‘ಆಯಿತು’ ಎಂದು ಕೂಗಿದುದು ನಮಗೇ ಕೇಳಿಸಲಿಲ್ಲವೋ, ಒಂದೂ ತಿಳಿಯದು. ನನ್ನ ದುಡಿಮೆಯ ಬಹುಭಾಗ ಈ ಎರಡನೆಯ ಬಗೆಯ ಕರೆಯಲ್ಲಿಯೇ ಕಳೆದಿದೆ. ಕರೆಯುವವನು ಮನುಷ್ಯನಲ್ಲ, ಓಗೊಡುವವನೂ ಮನುಷ್ಯನಲ್ಲ, ಎರಡೂ ಯಂತ್ರಗಳು ಎಂಬುದಷ್ಟೇ ವ್ಯತ್ಯಾಸ.

ಕೆಲವು ವರ್ಷಗಳ ಹಿಂದೆ ನಮ್ಮೂರ ಕನ್ನಡ ಶಾಲೆಯ ಸ್ನೇಹಸಮ್ಮೇಳನಕ್ಕೆ ಹೋಗಿದ್ದೆ. ನನಗೆ ಕನ್ನಡ ಕಲಿಸಿದ ಮಾಸ್ತರರು ನಿವೃತ್ತರಾಗಿ ಬಹುಕಾಲವಾಗಿದ್ದರೂ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಕಾಲಿಗೆರಗಿದೆ. “ಏನಪಾ, ಕಂಪ್ಯೂಟರದಾಗ ಕೆಲಸಾ ಮಾಡ್ತೀ ಅಂತ ಎಲ್ಲಾರೂ ಹೇಳ್ತಾರ. ಮಾಡೂ ಕೆಲಸಾದರೂ ಏನದು?” ಎಂದು ಕೇಳಿದರು. “ದೂರದಾಗಿರೂ ಯಂತ್ರಾ ಕರದು ಅದಕ್ಕ ಕೆಲಸಾ ಹೇಳೂದ್ರೀ, ಸರ್” ಎಂದೆ. “ಕರದರ ಓ ಅಂತೈತೇನು?” “ಅಂತೈತ್ರೀ.” “ಓ ಅಂದಾಂವ ಎಲ್ಲಾ ಹೇಳಿದ ಕೆಲಸಾ ಮಾಡಿರ್ತಾನೇನು?” ಎಂದು ನಕ್ಕರು. ತರಗತಿಯಲ್ಲಿ ‘ಓ’ ಎಂದು ಹಾಜರಿ ಕೊಟ್ಟು ಮನಸ್ಸನ್ನು ಮಾವಿನ ತೋಪಿಗೆ ಕಳುಹಿಸುತ್ತಿದ್ದ ನಮ್ಮಂಥವರನ್ನು ಕಂಡವರು ಅವರು. ನಾನೂ ನಕ್ಕೆ. ಆದರೆ ಆ ಪ್ರಶ್ನೆಯ ಉತ್ತರವನ್ನು ನಾನು ಬಹಳ ಬೆಲೆ ತೆತ್ತು ಕಲಿತಿದ್ದೆ. ಬೆಲೆಯಲ್ಲಿ ಸ್ವಲ್ಪ ಭಾಗವನ್ನು ಮಾತ್ರ ನಾನು ತೆತ್ತದ್ದು, ಉಳಿದುದನ್ನು ಬೇರೆಯವರು ತೆರಬೇಕಾಯಿತು. ಆ ಕತೆಯನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಆ ‘ದೂರದ ಯಂತ್ರ’ ಯಾವುದೆಂಬುದನ್ನು ಹೇಳಬೇಕು. ಹಿಂದಿನ ಕಾಲದ ಒಂದು ದೊಡ್ಡ ಕಾರಖಾನೆಯಲ್ಲಿ ಪುಸ್ತಕಗಳು ಹಲವು. ಮಾಲು ಬಂದರೆ ಉಗ್ರಾಣದವನು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುವನು; ಖರೀದಿಯವನು ತನ್ನದರಲ್ಲಿ; ಲೆಕ್ಕದವನು ತನ್ನ ಕೀರ್ದಿ-ಖಾತೆಗಳಲ್ಲಿ. ಒಂದೇ ಸಂಗತಿ ಮೂರು ಕಡೆ ಮೂರು ಬಗೆಯಾಗಿ ದಾಖಲಾಗಿ, ವರ್ಷದ ಕೊನೆಗೆ ಮೂವರೂ ಕೂಡಿ ಜಗಳವಾಡುವರು. ಈ ಮೂರು ಪುಸ್ತಕಗಳನ್ನು ಒಂದಾಗಿಸಿ, ಮಾಲು ಬಂದ ಕ್ಷಣದಲ್ಲಿಯೇ ಉಗ್ರಾಣದ ದಾಸ್ತಾನೂ ಲೆಕ್ಕದ ಖಾತೆಯೂ ಒಟ್ಟಿಗೆ ಬದಲಾಗುವಂತೆ ಮಾಡುವುದೇ ಈಗಿನ ದೊಡ್ಡ ವ್ಯವಹಾರ-ವ್ಯವಸ್ಥೆಗಳ ಗುರಿ. ಇವುಗಳಲ್ಲಿ ಬಹು ಪ್ರಸಿದ್ಧವಾದುದು ಎಸ್‌.ಎ.ಪಿ. ಐ.ಬಿ.ಎಂ. ಕಂಪನಿಯಲ್ಲಿದ್ದ ಐವರು ಜರ್ಮನರು ಅದನ್ನು ಬಿಟ್ಟು ಹೊರಬಂದು 1972ರಲ್ಲಿ ಕಟ್ಟಿದ ಸಂಸ್ಥೆಯದು. 1992ರಲ್ಲಿ ಹೊರಬಂದ ಅವರ ‘ಆರ್-3’ ಎಂಬ ವ್ಯವಸ್ಥೆಯು, ಹಿಂದೆ ಒಂದೇ ಮಹಾಯಂತ್ರದಲ್ಲಿ ನಡೆಯುತ್ತಿದ್ದ ಕೆಲಸವನ್ನು ಮೂರು ಪದರಗಳಾಗಿ ಬಿಡಿಸಿತು: ಕಣ್ಣಿಗೆ ಕಾಣುವ ಪರದೆ ಒಂದು ಕಡೆ, ಕೆಲಸ ನಡೆಸುವ ಯಂತ್ರ ಒಂದು ಕಡೆ, ಎಲ್ಲವನ್ನೂ ಕಾದಿಡುವ ಸಂಗ್ರಹ ಇನ್ನೊಂದು ಕಡೆ. 1998ರಿಂದ ಅವರ ಒಂದು ದೊಡ್ಡ ಪ್ರಯೋಗಶಾಲೆ ಬೆಂಗಳೂರಿನಲ್ಲಿಯೂ ಇದೆ. ಇಷ್ಟು ಪೂರ್ವಕಥೆ ಸಾಕು.

ಈ ಮಹಾಪುಸ್ತಕವು ಎಷ್ಟು ದೊಡ್ಡದಾದರೂ ತಾನಿರುವ ಕೋಣೆಯ ಹೊರಗನ್ನು ಕಾಣದು. ಕಾರಖಾನೆಯ ಬಾಗಿಲಿಗೆ ಗಾಡಿ ಬಂದಿತೆಂದು ಯಾರಾದರೂ ಅದಕ್ಕೆ ಹೇಳಬೇಕು. ಹೇಳುವ ಈ ಪುಟ್ಟ ಪ್ರೋಗ್ರಾಮಿಗೆ ಸರ್ವಿಸ್ ಎನ್ನುವರು. ಮಹಾಪುಸ್ತಕದ ಒಳಗೆ ಮಾಡಬೇಕಾದ ಒಂದೊಂದು ಕೆಲಸಕ್ಕೂ ಹೆಸರುಳ್ಳ ಒಂದೊಂದು ವಿಧಿಯಿರುತ್ತದೆ, ಅದು ಫಂಕ್ಷನ್. ‘ಮಾಲು ಬಂದುದನ್ನು ಬರೆದುಕೋ’ ಎಂಬುದು ಒಂದು ಫಂಕ್ಷನ್; ‘ಈ ರೈತರ ಖಾತೆಯಲ್ಲಿ ಎಷ್ಟಿದೆ ಹೇಳು’ ಎಂಬುದು ಇನ್ನೊಂದು. ಎಲ್ಲವನ್ನೂ ಹೊರಗಿನವರು ಕರೆಯುವ ಹಾಗಿಲ್ಲ. ‘ದೂರದಿಂದ ಕರೆಯಬಹುದು’ ಎಂದು ಗುರುತು ಹಾಕಿದವುಗಳನ್ನು ಮಾತ್ರ ಕರೆಯಬಹುದು. ಹೀಗೆ ಕರೆಯುವ ಕ್ರಮಕ್ಕೆ ರಿಮೋಟ್ ಫಂಕ್ಷನ್ ಕಾಲ್ ಎಂದು ಹೆಸರು. ಕರೆಯುವವನು ಗೇಟ್‌ವೇ ಎಂಬ ಹೆಬ್ಬಾಗಿಲಿಗೆ ಬರಬೇಕು. 3300ಕ್ಕೆ ಆ ವ್ಯವಸ್ಥೆಯ ಎರಡಂಕಿಯ ಸಂಖ್ಯೆಯನ್ನು ಕೂಡಿಸಿದರೆ ಬಾಗಿಲಿನ ಸಂಖ್ಯೆ ಸಿಕ್ಕುತ್ತದೆ: 00 ಆದರೆ 3300, 05 ಆದರೆ 3305. ಅಲ್ಲಿ ತನ್ನ ಹೆಸರು, ಗುಪ್ತಪದಗಳನ್ನು ಹೇಳಿ ಒಳಗೆ ಹೋದ ಮೇಲೆ ಫಂಕ್ಷನ್ನಿನ ಹೆಸರನ್ನೂ ಅದಕ್ಕೆ ಬೇಕಾದ ವಿವರಗಳನ್ನೂ ಕೊಡಬೇಕು. ಅದು ಉತ್ತರವನ್ನು ಕೊಡುತ್ತದೆ.

ಕೇಳುವುದಕ್ಕೆ ಸರಳವಾಗಿದೆ. ಆದರೆ ಮನೆಯೊಳಗಿನ ಕರೆಗೂ ಇದಕ್ಕೂ ಇರುವ ಅಂತರವು ಸಣ್ಣ ಸಣ್ಣ ಸಂಗತಿಗಳಲ್ಲಿಯೇ ತೋರತೊಡಗುತ್ತದೆ. ಮನೆಯಲ್ಲಿ ‘ಈ ಕೊಡ ತುಂಬಿಸು’ ಎಂದು ಕೊಡವನ್ನೇ ಕೈಗೆ ಕೊಡಬಹುದು. ದೂರದ ಕರೆಯಲ್ಲಿ ಕೊಡುವುದೆಲ್ಲ ನಕಲು. ಮೂಲವು ನಮ್ಮಲ್ಲಿಯೇ ಉಳಿಯುತ್ತದೆ, ಅಲ್ಲಿ ನಡೆದ ಬದಲಾವಣೆ ತಾನಾಗಿ ಇಲ್ಲಿಗೆ ಬರುವುದಿಲ್ಲ. ಇನ್ನೊಂದು ನೋಡಿ. ಮಾಲು ಒದಗಿಸುವವರ ಸಂಖ್ಯೆಗೆ ಈ ಪುಸ್ತಕದಲ್ಲಿ ಹತ್ತು ಮನೆಗಳು. ಪರದೆಯ ಮುಂದೆ ಕುಳಿತ ಗುಮಾಸ್ತರು 4711 ಎಂದು ಒತ್ತಿದರೆ ಪರದೆಯೇ ಮುಂದೆ ಆರು ಸೊನ್ನೆಗಳನ್ನು ಸೇರಿಸಿ ಉಪಚಾರ ಮಾಡುತ್ತದೆ. ದೂರದಿಂದ ಕರೆಯುವವನಿಗೆ ಪರದೆಯಿಲ್ಲ, ಆದುದರಿಂದ ಉಪಚಾರವೂ ಇಲ್ಲ. ಸೊನ್ನೆಗಳನ್ನು ತಾನೇ ತುಂಬಿಸದೆ ಹೋದರೆ ‘ಅಂಥವರು ಯಾರೂ ಇಲ್ಲ’ ಎಂಬ ಉತ್ತರ ಬರುತ್ತದೆ. ಎಡಗಡೆಯ ಸೊನ್ನೆಗೆ ಬೆಲೆಯಿಲ್ಲವೆಂದು ಶಾಲೆಯಲ್ಲಿ ಕಲಿತವನು ನಾನು. ಇಲ್ಲಿ ಅದರ ಬೆಲೆ ತಿಳಿಯಿತು.

ಇವು ಚಿಲ್ಲರೆ ತೊಡಕುಗಳು. ದೊಡ್ಡ ತೊಡಕನ್ನು ಮೊದಲೇ ಕಂಡು ಬರೆದಿಟ್ಟವರಿದ್ದರು. ಅಮೆರಿಕದ ಪಾಲೋ ಆಲ್ಟೋದಲ್ಲಿದ್ದ ಝೆರಾಕ್ಸ್ ಸಂಶೋಧನಾಲಯದ ಬಿರೆಲ್ ಮತ್ತು ನೆಲ್ಸನ್ ಎಂಬಿಬ್ಬರು 1984ರಲ್ಲಿ ಈ ದೂರದ ಕರೆಯ ಬಗೆಗೆ ಪ್ರಸಿದ್ಧವಾದ ಒಂದು ಪ್ರಬಂಧವನ್ನು ಪ್ರಕಟಿಸಿದರು. ದೂರದ ಕರೆಯೂ ಹತ್ತಿರದ ಕರೆಯಷ್ಟೇ ಸರಳವಾಗಿ ಕಾಣಬೇಕೆಂಬುದು ಅವರ ಆಸೆ. ಆದರೂ ಒಂದು ಮಾತನ್ನು ಮುಚ್ಚಿಡದೆ ಹೇಳಿದರು: ಉತ್ತರ ಬಂದರೆ ಕೆಲಸವು ಸರಿಯಾಗಿ ಒಂದು ಸಲ ನಡೆದಿದೆ, ಉತ್ತರ ಬಾರದೆ ಕರೆಯು ಕಡಿದುಹೋದರೆ ಕೆಲಸವು ಒಂದು ಸಲ ನಡೆದಿರಬಹುದು, ಇಲ್ಲವೆ ನಡೆಯದೆಯೇ ಇರಬಹುದು, ಯಾವುದೆಂದು ಕರೆದವನಿಗೆ ತಿಳಿಯದು. ಇದನ್ನು ನಾನು ಓದಿದ್ದೆ. ಪರೀಕ್ಷೆಗೆ ಓದಿದಂತೆ ಓದಿದ್ದೆ.

2010ರಲ್ಲಿ ಗಡಿಭಾಗದ ಒಂದು ಸಕ್ಕರೆ ಕಾರಖಾನೆಯ ಕೆಲಸ ನನ್ನ ಪಾಲಿಗೆ ಬಂದಿತು. ಹೆಸರು ಬೇಡ, ತಪ್ಪು ನನ್ನದಾದ ಮೇಲೆ ಅವರ ಹೆಸರೇಕೆ? ಅವರ ಮಹಾಪುಸ್ತಕದ ಯಂತ್ರವು ದೂರದ ನಗರದ ದೊಡ್ಡ ಕಚೇರಿಯಲ್ಲಿದ್ದಿತು. ಕಾರಖಾನೆಯ ಬಾಗಿಲಲ್ಲಿ ತೂಕದ ಕಾಟಾ. ಕಬ್ಬು ತುಂಬಿದ ಗಾಡಿಯನ್ನು ಕಾಟಾದ ಮೇಲೆ ನಿಲ್ಲಿಸಿ ಒಮ್ಮೆ ತೂಗುವರು. ಕಬ್ಬನ್ನು ಇಳಿಸಿ ಬಂದ ಮೇಲೆ ಬರಿಯ ಗಾಡಿಯನ್ನು ಇನ್ನೊಮ್ಮೆ ತೂಗುವರು. ಎರಡರ ಅಂತರವೇ ಕಬ್ಬಿನ ತೂಕ. ಕಾಟಾದ ತೂಕವನ್ನು ಆ ಕ್ಷಣವೇ ಮಹಾಪುಸ್ತಕಕ್ಕೆ ಮುಟ್ಟಿಸಿ, ಅದು ಕೊಡುವ ದಾಖಲೆಯ ಸಂಖ್ಯೆಯನ್ನು ಚೀಟಿಯ ಮೇಲೆ ಮುದ್ರಿಸಿ ರೈತರ ಕೈಗೆ ಕೊಡುವ ಸರ್ವಿಸನ್ನು ನಾನು ಬರೆಯಬೇಕಾಗಿದ್ದಿತು. ನಮ್ಮ ಸೀಮೆಯ ರೈತರಿಗೂ ಕಾಟಾಕ್ಕೂ ಇರುವ ಸಂಬಂಧವನ್ನು ಬಲ್ಲವರಿಗೆ ಈ ಚೀಟಿಯ ಮಹತ್ವವನ್ನು ವಿವರಿಸಬೇಕಾಗಿಲ್ಲ. ವರ್ಷದ ಬೆವರೆಲ್ಲ ಆ ಒಂದು ಅಂಕಿಯಲ್ಲಿದೆ. ತೂಕದಲ್ಲಿ ಮೋಸವಾಗುತ್ತದೆಂಬ ಸಂಶಯವೂ ಅಷ್ಟೇ ಹಳೆಯದು. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಒಪ್ಪಿಸಿದ 14 ದಿನಗಳಲ್ಲಿ ಹಣ ಕೊಡಬೇಕು; ಆ ದಿನಗಳ ಎಣಿಕೆಗೂ ಈ ಚೀಟಿಯೇ ಆಧಾರ.

ಪರೀಕ್ಷೆಯ ದಿನ ಎಲ್ಲವೂ ಸೊಗಸಾಗಿ ನಡೆಯಿತು. ಒಂದು ಗಾಡಿ ಬಂದಿತು, ತೂಗಿದರು, ಸರ್ವಿಸ್ ಕರೆಯಿತು, ಸಂಖ್ಯೆ ಬಂದಿತು, ಚೀಟಿ ಹೊರಬಿದ್ದಿತು. ಸಿಹಿ ಹಂಚಿದರು. ನುರಿಸುವ ಹಂಗಾಮು ಮೊದಲಾಯಿತು. ಹಗಲೆನ್ನದೆ ಇರುಳೆನ್ನದೆ ಗಾಡಿಗಳ ಸಾಲು. ಮೊದಲ ಬಿಲ್ಲು ಬಂದ ದಿನ ಹಣ್ಣಾದ ಒಬ್ಬ ರೈತರು ಲೆಕ್ಕದ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಐದು ಗಾಡಿಗೆ ಬಿಲ್ಲು ಬಂದಿದೆ, ತಾವು ತಂದದ್ದು ಆರು ಎಂದು ಅವರ ತಕರಾರು. ಗುಮಾಸ್ತರು ಚೀಟಿಯ ಸಂಖ್ಯೆಯನ್ನು ಪುಸ್ತಕದಲ್ಲಿ ಹುಡುಕಿ, ಅಂಥ ದಾಖಲೆಯೇ ಇಲ್ಲವೆಂದರು. ನನ್ನನ್ನು ಕರೆಸಿದರು. ಆ ಹಿರಿಯರು ಚೀಟಿಯನ್ನು ನನ್ನ ಮುಖದ ಮುಂದೆ ಹಿಡಿದು, “ಚೀಟಿ ನನ್ನ ಕೈಯಾಗ ಐತಿ, ಕಬ್ಬು ನಿಮ್ಮ ಗಾಣಾ ನುಂಗೈತಿ. ಪುಸ್ತಕದಾಗ ಮಾತ್ರ ಇಲ್ಲಂದ್ರ ಹೆಂಗ ಸಾಹೇಬ್ರ?” ಎಂದರು. ಸಂಖ್ಯೆಯನ್ನು ಕೊಟ್ಟದ್ದು ಆ ಪುಸ್ತಕವೇ. ಕೊಟ್ಟ ಪುಸ್ತಕವೇ ಈಗ ಅರಿಯೆನೆನ್ನುತ್ತಿದೆ. ಹುಡುಕಿದಾಗ ಅಂಥ ಚೀಟಿಗಳು ಇನ್ನೂ ಹಲವು ಸಿಕ್ಕಿದುವು.

ಆ ರಾತ್ರಿ ನಿದ್ದೆಗೆಟ್ಟು ಕಂಡುಕೊಂಡದ್ದು ಇದು. ಮಾಲು ಬಂದುದನ್ನು ಬರೆಯುವ ಫಂಕ್ಷನ್ ಕರೆದೊಡನೆ ಎಲ್ಲವನ್ನೂ ಪರಿಶೀಲಿಸಿ, ದಾಖಲೆಗೊಂದು ಸಂಖ್ಯೆಯನ್ನೂ ಎತ್ತಿ ಕೊಡುತ್ತದೆ. ಆದರೆ ಬರೆದು ಮುಗಿಸುವುದಿಲ್ಲ. ‘ಕಮಿಟ್’ ಎಂಬ ಇನ್ನೊಂದು ಫಂಕ್ಷನ್ನನ್ನು ಕರೆದಾಗ ಮಾತ್ರ ಬರಹವು ಪುಸ್ತಕದಲ್ಲಿ ನಿಲ್ಲುತ್ತದೆ. ಕಚೇರಿಯಲ್ಲಿ ಗುಮಾಸ್ತನು ಆಜ್ಞೆಯನ್ನು ಬರೆದು ಸಂಖ್ಯೆ ಹಾಕಿದರೂ ಸಾಹೇಬರ ಸಹಿ ಬೀಳುವ ತನಕ ಅದು ಬರಿಯ ಕಾಗದವಲ್ಲವೆ? ಹಾಗೆಯೇ ಇದು. ಹೀಗೆ ಮಾಡಿರುವುದಕ್ಕೆ ಕಾರಣವೂ ಉಂಟು. ಹಲವು ಬರಹಗಳು ಕೂಡಿ ಒಂದು ವ್ಯವಹಾರವಾಗಬಹುದು. ಎಲ್ಲವೂ ಸರಿಯಾಗಿವೆಯೆಂದು ಕರೆದವನೇ ನೋಡಿ ಒಮ್ಮೆಗೇ ಒಪ್ಪಿಗೆ ಕೊಡಲಿ, ಒಂದು ಕೆಟ್ಟರೆ ಎಲ್ಲವನ್ನೂ ಹಿಂದೆಗೆಯಲಿ ಎಂಬುದು ಅದರ ಆಶಯ.

ಇಷ್ಟನ್ನು ನಾನು ಅರಿಯದವನಲ್ಲ. ಕಮಿಟ್ಟನ್ನು ಕರೆದೇ ಇದ್ದೆ. ಆದರೆ ಗಾಡಿಗಳು ಹೆಚ್ಚೆಂದು ಮಹಾಪುಸ್ತಕಕ್ಕೆ ಎಂಟು ಸಂಪರ್ಕಗಳನ್ನು ತೆರೆದಿಟ್ಟು, ಯಾವುದು ಬಿಡುವಾಗಿದೆಯೋ ಅದರ ಮೂಲಕ ಮುಂದಿನ ಕರೆ ಹೋಗಲೆಂದು ಬರೆದಿದ್ದೆ. ಬರೆಯುವ ಕರೆ ಮೂರನೆಯ ಸಂಪರ್ಕದಲ್ಲಿ ಹೋದರೆ, ಸಹಿಯ ಕರೆ ಐದನೆಯದರಲ್ಲಿ ಹೋಗುತ್ತಿದ್ದಿತು. ಒಂದೊಂದು ಸಂಪರ್ಕವೂ ಒಂದೊಂದು ಬೇರೆ ಮೇಜು. ಮೂರನೆಯ ಮೇಜಿನ ಮೇಲೆ ಕಾಗದವನ್ನಿಟ್ಟು ಐದನೆಯ ಮೇಜಿನ ಬಳಿ ‘ಸಹಿ ಮಾಡಿರಿ’ ಎಂದರೆ ಅಲ್ಲಿ ಸಹಿ ಮಾಡುವುದಕ್ಕೆ ಏನಿದೆ? ಏನೂ ಇಲ್ಲದಿದ್ದರೂ ಐದನೆಯ ಮೇಜು ‘ಆಗಲಿ’ ಎಂದು ಮರ್ಯಾದೆಯಿಂದ ಉತ್ತರ ಕೊಡುತ್ತಿದ್ದಿತು. ಮೂರನೆಯ ಮೇಜಿನ ಮೇಲಿನ ಕಾಗದಗಳಲ್ಲಿ ಕೆಲವು, ಮುಂದೆ ಅಲ್ಲಿಗೆ ಬಂದ ಇನ್ನೊಬ್ಬರ ಸಹಿಯೊಡನೆ ಸೇರಿ ಉಳಿದುಕೊಂಡುವು. ಉಳಿದವು ರಾತ್ರಿ ಸಂಪರ್ಕವನ್ನು ಮುಚ್ಚಿದಾಗ ಗಾಳಿಗೆ ಹೋದುವು. ಪರೀಕ್ಷೆಯ ದಿನ ಒಂದೇ ಗಾಡಿ. ಯಾವಾಗಲೂ ಮೊದಲನೆಯ ಸಂಪರ್ಕವೇ ಬಿಡುವು. ಆದುದರಿಂದ ಅಂದು ತಪ್ಪು ತೋರಲಿಲ್ಲ. ಬರೆಯುವ ಕರೆಯೂ ಸಹಿಯ ಕರೆಯೂ ಒಂದೇ ಸಂಪರ್ಕದಲ್ಲಿ ಹೋಗಬೇಕು, ಎರಡರ ನಡುವೆ ಮತ್ತೊಬ್ಬರು ಅದನ್ನು ಮುಟ್ಟಬಾರದು. ತಿದ್ದುವುದಕ್ಕೆ ಹತ್ತೇ ಸಾಲು ಸಾಕಾಯಿತು. ಮಾಸ್ತರರ ಪ್ರಶ್ನೆಗೆ ಉತ್ತರವೂ ಸಿಕ್ಕಿತು: ಓ ಎಂದವನೆಲ್ಲ ಕೆಲಸ ಮಾಡಿರುವುದಿಲ್ಲ.

ಇಲ್ಲಿಗೆ ಕತೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕಳೆದುಹೋದ ಚೀಟಿಗಳನ್ನೆಲ್ಲ ಮತ್ತೆ ಕಳುಹಿಸಿದೆ. ಆಗ ನನ್ನಲ್ಲಿ ಅವಸರವಿದ್ದಿತು, ಅವಮಾನವಾದವನ ಅವಸರ. ಇನ್ನು ಒಂದು ಚೀಟಿಯೂ ಕಳೆಯಬಾರದೆಂದು ಒಂದು ನಿಯಮವನ್ನು ಸೇರಿಸಿದೆ: 30 ಸೆಕೆಂಡುಗಳಲ್ಲಿ ಉತ್ತರ ಬಾರದಿದ್ದರೆ ಮತ್ತೆ ಕರೆ. ಅಂದು ದೂರದ ನಗರಕ್ಕೆ ಹೋಗುವ ತಂತಿ ಮೇಲಿಂದ ಮೇಲೆ ಕಡಿಯುತ್ತಿದ್ದಿತು. ಆ ಹಿರಿಯರ ಆರನೆಯ ಗಾಡಿಯ ಕರೆ ಹೋಯಿತು, ಪುಸ್ತಕದಲ್ಲಿ ಬರೆಯಲ್ಪಟ್ಟಿತು, ಸಹಿಯೂ ಬಿದ್ದಿತು. ಉತ್ತರ ಮಾತ್ರ ದಾರಿಯಲ್ಲಿ ಸತ್ತಿತು. ನನ್ನ ಸರ್ವಿಸ್ 30 ಸೆಕೆಂಡು ಕಾದು, ನಾನು ಕಲಿಸಿದ್ದಂತೆಯೇ, ಮತ್ತೆ ಕರೆಯಿತು. ಪುಸ್ತಕವು ಅದನ್ನು ಹೊಸ ಗಾಡಿಯೆಂದು ತಿಳಿದು ಮತ್ತೆ ಬರೆದುಕೊಂಡಿತು. ಬಿರೆಲ್ ಮತ್ತು ನೆಲ್ಸನ್ನರು 26 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದ ಮಾತು ಅಂದು ಕಬ್ಬಿನ ಗಾಡಿಯನ್ನೇರಿ ನನ್ನ ಬಾಗಿಲಿಗೆ ಬಂದಿತು.

ಹೆಚ್ಚಿನ ಹಣ ಹೋದ ಮೇಲೆ, ಕಾಟಾದ ಒಟ್ಟು ತೂಕಕ್ಕೂ ಪುಸ್ತಕದ ಒಟ್ಟಿಗೂ ತಾಳೆಯಾಗದೆ ಗುಮಾಸ್ತರು ಅದನ್ನು ಕಂಡುಹಿಡಿದರು. ಮುಂದಿನ ಬಿಲ್ಲಿನಲ್ಲಿ ಒಂದು ಗಾಡಿಯ ಹಣವನ್ನು ಮುರಿದುಕೊಂಡರು. ಲೆಕ್ಕ ನ್ಯಾಯವಾದುದೇ. ಆದರೆ ಹಿರಿಯರು ಮತ್ತೆ ಬಂದರು. ಈ ಸಲ ಸಿಟ್ಟಿರಲಿಲ್ಲ. ನಾನು ಚಾಪೆಯ ಮೇಲೆ ಅವರ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ವಿವರಿಸಿದೆ. ಹಳ್ಳದಾಚೆಗೆ ಕೂಗುವ ಹೋಲಿಕೆಯನ್ನು ಮೊದಲು ಹೇಳಿದ್ದು ಅವರಿಗೇ. ಕೊನೆಯವರೆಗೆ ಕೇಳಿ, “ತಮ್ಮಾ, ಮೊದಲ ಇಲ್ಲಂದ್ರಿ. ಆಮ್ಯಾಲ ಎರಡ ಅಂದ್ರಿ. ಈಗ ಒಂದ ಅಂತೀರಿ. ನಾಳಿ ಏನಂತೀರಿ?” ಎಂದರು. “ಒಂದ ರೀ ಕಾಕಾ, ಒಂದ ಖರೆ” ಎಂದೆ. “ಅದು ನನಗ ಮೊದಲ ಗೊತ್ತಿತ್ತು. ಗಾಡಿ ಹೊಡದಾಂವ ನಾನ” ಎಂದು ಎದ್ದರು. ಹಣದ ಲೆಕ್ಕ ಸರಿಹೋಯಿತು. ನಂಬಿಕೆಯ ಲೆಕ್ಕ ಸರಿಹೋಗಲಿಲ್ಲ. ಅಂದಿನಿಂದ ಹಂಗಾಮು ಮುಗಿಯುವವರೆಗೆ ಅವರು ಪ್ರತಿಯೊಂದು ಚೀಟಿಯನ್ನೂ ಒಂದು ದಾರಕ್ಕೆ ಪೋಣಿಸಿ ಕೊರಳಲ್ಲಿ ಹಾಕಿಕೊಂಡೇ ಬರುತ್ತಿದ್ದರು.

ಆ ದಿನಗಳಲ್ಲಿ ನನಗೆ ನೆನಪಾದುದು ಬಿರೆಲ್ ನೆಲ್ಸನ್ನರ ಪ್ರಬಂಧವಲ್ಲ, ನಮ್ಮ ಶಾಲೆಯ ಆವಕ-ಜಾವಕ ಪುಸ್ತಕ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅಕ್ಷರ ದುಂಡಗಿದೆಯೆಂದು ಮಾಸ್ತರರು ಜಾವಕದ ಪುಟಗಳನ್ನು ನನ್ನಿಂದ ಬರೆಯಿಸುತ್ತಿದ್ದರು. ಕನ್ನಡ ಪಠ್ಯಪುಸ್ತಕಗಳಿಗಾಗಿ ಮೇಲಿನ ಕಚೇರಿಗೆ ಬರೆದ ಬೇಡಿಕೆಗೆ ಉತ್ತರ ಬಾರದಿರುವುದು ನಮಗೆ ಹೊಸತಾಗಿರಲಿಲ್ಲ. ಗಡಿಯಲ್ಲಿದ್ದವರಿಗೆ ಈ ಬಗೆಯ ಮೌನದ ಪರಿಚಯ ಚೆನ್ನಾಗಿಯೇ ಇರುತ್ತದೆ. ಒಮ್ಮೆ ನಾನು ಎರಡನೆಯ ಪತ್ರವನ್ನು ಹೊಸ ಬೇಡಿಕೆಯಂತೆಯೇ ಬರೆದೆ. ಮಾಸ್ತರರು ಕಾಗದವನ್ನು ಹಿಂದಕ್ಕೆ ಕೊಟ್ಟು, “ಉಲ್ಲೇಖದಾಗ ಹಳೇ ಜಾವಕ ನಂಬರ್ ಬರಿ. ಇಲ್ಲಾಂದ್ರ ಅವರು ಇದನ್ನ ಇನ್ನೊಂದು ಬೇಡಿಕಿ ಅಂತ ತಿಳೀತಾರ. ನಾವು ಕಳಿಸೂದು ಸ್ಮರಣಪತ್ರ” ಎಂದರು. ಉತ್ತರ ಬಾರದ ಕರೆಯನ್ನು ಹೇಗೆ ಮತ್ತೆ ಕರೆಯಬೇಕೆಂಬ ವಿದ್ಯೆಯೆಲ್ಲ ಆ ಮೂರು ಮಾತಿನಲ್ಲಿದ್ದಿತು. ಬರೆದ ಕೈ ನನ್ನದೇ. ಅರ್ಥವಾದುದು ಬಹಳ ವರ್ಷಗಳ ಮೇಲೆ.

ದೂರದ ಕರೆಗಳಲ್ಲಿಯೂ ಇಂಥದೇ ಒಂದು ಏರ್ಪಾಡು ಮೊದಲಿನಿಂದ ಇದ್ದಿತು. ಅದಕ್ಕೆ ಟ್ರಾನ್ಸಾಕ್ಷನಲ್ ಕರೆ ಎನ್ನುವರು. ಕರೆಯುವವನು ಕರೆಯುವ ಮೊದಲೇ 24 ಅಕ್ಷರಗಳ, ಇನ್ನೊಂದಕ್ಕೆ ಹೋಲದ ಒಂದು ಗುರುತಿನ ಸಂಖ್ಯೆಯನ್ನು ಪಡೆದು, ಅದನ್ನೂ ವಿವರಗಳನ್ನೂ ತನ್ನ ಬಳಿ ಬರೆದಿಟ್ಟುಕೊಳ್ಳುತ್ತಾನೆ. ಆ ಸಂಖ್ಯೆಯೊಡನೆ ಕರೆಯುತ್ತಾನೆ. ಉತ್ತರ ಬಾರದಿದ್ದರೆ ಅದೇ ಸಂಖ್ಯೆಯೊಡನೆ ಮತ್ತೆ ಕರೆಯುತ್ತಾನೆ, ಎಷ್ಟು ಸಲ ಬೇಕಾದರೂ. ಅತ್ತ ಕಡೆಯ ಯಂತ್ರವು ತನ್ನ ಪಟ್ಟಿಯನ್ನು ನೋಡಿ, ಆ ಸಂಖ್ಯೆಯ ಕೆಲಸವಾಗಿದ್ದರೆ ಮತ್ತೆ ಮಾಡದೆ ‘ಆಗಿದೆ’ ಎನ್ನುತ್ತದೆ. ಮುಗಿಯಿತೆಂದು ತಿಳಿದ ಮೇಲೆ ಕರೆದವನು ‘ಇನ್ನು ಈ ಸಂಖ್ಯೆಯನ್ನು ನೀನು ಮರೆಯಬಹುದು’ ಎಂದು ಕೊನೆಯ ಮಾತು ಹೇಳುತ್ತಾನೆ. ಈ ಮಾತನ್ನು ಮೊದಲೇ ಹೇಳಿದರೆ ಕೆಟ್ಟಿತು. ಮರೆತ ಸಂಖ್ಯೆಯಿಂದ ಮತ್ತೆ ಕರೆದರೆ ಕೆಲಸ ಮತ್ತೆ ನಡೆಯುತ್ತದೆ. ಆದುದರಿಂದ ತನ್ನ ಪುಸ್ತಕದಲ್ಲಿ ‘ಮುಗಿಯಿತು’ ಎಂದು ಬರೆದುಕೊಂಡ ಮೇಲೆಯೇ ಹೇಳಬೇಕು. ಈ ಬಗೆಯ ಕರೆಯು ಬೆಲೆಯನ್ನೂ ಕೇಳುತ್ತದೆ. ಫಂಕ್ಷನ್ ಹಿಂದಿರುಗಿಸುವ ಉತ್ತರಗಳು ಕರೆದವನಿಗೆ ಬರುವುದಿಲ್ಲ. ದಾಖಲೆಯ ಸಂಖ್ಯೆ ಕೂಡಲೇ ಸಿಕ್ಕುವುದಿಲ್ಲ. ಕರೆಗಳು ಹೊರಟ ಸರದಿಯಲ್ಲಿಯೇ ನಡೆಯುತ್ತವೆಂಬ ಭರವಸೆಯೂ ಇಲ್ಲ. ಸರದಿ ಬೇಕಾದರೆ ಸಾಲಿನಲ್ಲಿ ನಿಲ್ಲಿಸುವ ಬೇರೆಯ ಬಗೆಯ ಕರೆಯುಂಟು.

ಹಾಗಾದರೆ ಚೀಟಿಯ ಮೇಲೆ ಯಾವ ಸಂಖ್ಯೆಯನ್ನು ಮುದ್ರಿಸುವುದು? ಯೋಚಿಸಿದಾಗ ಮೊದಲಿನ ತಪ್ಪೇ ಅಲ್ಲಿದ್ದಿತೆಂದು ತೋರಿತು. ದೂರದವನು ಕೊಟ್ಟ ಸಂಖ್ಯೆಯನ್ನು ನಂಬಿ ನಾನು ಹತ್ತಿರದವರಿಗೆ ಮಾತು ಕೊಟ್ಟಿದ್ದೆ. ಆಮೇಲೆ ಕಾಟಾದಲ್ಲಿಯೇ ಹುಟ್ಟುವ ಸಂಖ್ಯೆಯನ್ನು ಚೀಟಿಯ ಮೇಲೆ ಮುದ್ರಿಸಿದೆ. ಅದು ಮೊದಲು ಕಾಟಾದ ಬಳಿಯ ಯಂತ್ರದಲ್ಲಿ ಬರೆಯಲ್ಪಟ್ಟು, ಆಮೇಲೆ ಕರೆಯೊಡನೆ ಹೋಗಿ, ಮಹಾಪುಸ್ತಕದ ದಾಖಲೆಯಲ್ಲಿ ಉಲ್ಲೇಖಕ್ಕೆಂದು ಇರುವ 16 ಅಕ್ಷರಗಳ ಅಂಕಣದಲ್ಲಿ ಕುಳಿತುಕೊಳ್ಳುತ್ತಿದ್ದಿತು. ರೈತರು ಚೀಟಿ ತಂದರೆ ಆ ಸಂಖ್ಯೆಯಿಂದ ಎರಡೂ ಪುಸ್ತಕಗಳಲ್ಲಿ ಹುಡುಕಬಹುದು. ದಿನವೂ ಬೆಳಗ್ಗೆ ಎರಡರ ಒಟ್ಟನ್ನು ತಾಳೆನೋಡುವ ಪದ್ಧತಿಯನ್ನೂ ಇಟ್ಟೆವು. ಮಾಸ್ತರರ ‘ಉಲ್ಲೇಖ’ವೇ ಇದು.

ಒಂದು ಕೊನೆಯ ಸಂಗತಿಯನ್ನು ಕನ್ನಡದ ಮಕ್ಕಳಿಗಾಗಿ ಹೇಳಬೇಕು. ಹೊಸ ಚೀಟಿಯ ಮೇಲೆ ರೈತರ ಹೆಸರು ಕನ್ನಡದಲ್ಲಿರಲೆಂದು ನನಗೆ ಆಸೆಯಾಯಿತು. ಹೆಸರುಗಳನ್ನು ಕನ್ನಡದಲ್ಲಿ ಮಹಾಪುಸ್ತಕಕ್ಕೆ ಕಳುಹಿಸಿ ಮತ್ತೆ ತರಿಸಿದೆ. ‘ಲಕ್ಷ್ಮೀನಾರಾಯಣ’ ಎಂದು ಹೋದುದು, ಎರಡು ನಿಂತ ಗೆರೆ ಎರಡು ಮಲಗಿದ ಗೆರೆಗಳ ಜಾಲರಿಯಂಥ ಗುರುತುಗಳ ಒಂದು ಸಾಲಾಗಿ ಹಿಂದಿರುಗಿತು. ಎಣಿಸಿದರೆ 13. ಹೆಸರಿನಲ್ಲಿ ನಾವು ಕಾಣುವ ಅಕ್ಷರಗಳು ಆರೇ! ಕಾರಣ ತಿಳಿದಾಗ ಅಚ್ಚರಿಯಾಯಿತು. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಮನೆಗಳ ಒಂದು ಬೀದಿಯಿದೆ. ಅಲ್ಲಿ ‘ಕ್ಷ್ಮೀ’ ಎಂಬುದು ಒಂದು ಅಕ್ಷರವಲ್ಲ. ಕಕಾರ, ವಿರಾಮ, ಷಕಾರ, ವಿರಾಮ, ಮಕಾರ, ದೀರ್ಘ ಈಕಾರದ ಗುರುತು ಎಂದು ಆರು. ನಾನು ಕರೆಯುವುದಕ್ಕೆ ಬಳಸಿದ್ದ ಹಳೆಯ ಸಲಕರಣೆಗೆ ಯೂರೋಪಿನ ಲಿಪಿ ಮಾತ್ರ ಗೊತ್ತು. ಗೊತ್ತಿಲ್ಲದ ಒಂದೊಂದರ ಜಾಗದಲ್ಲಿಯೂ ಅದು ಒಂದೊಂದು ಜಾಲರಿಯನ್ನು ಹಾಕಿ, ‘ಯಶಸ್ವಿಯಾಯಿತು’ ಎಂದು ಉತ್ತರ ಕೊಟ್ಟಿತು. ಒಮ್ಮೆ ಜಾಲರಿಯಾದುದರಿಂದ ಹೆಸರನ್ನು ಮತ್ತೆ ಬಿಡಿಸಿಕೊಳ್ಳಲಾಗದು; ಎಲ್ಲ ಅಕ್ಷರಗಳಿಗೂ ಜಾಲರಿ ಒಂದೇ. ಪುಣ್ಯಕ್ಕೆ ಮೂಲಪಟ್ಟಿ ನನ್ನ ಬಳಿಯಿದ್ದಿತು. ಯೂನಿಕೋಡನ್ನು ಬಲ್ಲ ಹೊಸ ಸಲಕರಣೆಯನ್ನು ತಂದ ಮೇಲೆ ಹೆಸರುಗಳು ಹೋದ ಹಾಗೆಯೇ ಬಂದುವು. ಆದರೆ ಹೆಸರಿನ ಒಂದು ಅಂಕಣಕ್ಕೆ ಆ ಪುಸ್ತಕದಲ್ಲಿ 35 ಮನೆಗಳು ಮಾತ್ರ. ಒತ್ತಕ್ಷರ ತುಂಬಿದ ನಮ್ಮ ಉದ್ದದ ಹೆಸರುಗಳು ಅದರಲ್ಲಿ ಮುಗಿಯದೆ, ಕೆಲವೊಮ್ಮೆ ಅಕ್ಷರದ ನಡುವೆಯೇ ಕತ್ತರಿಸಿ ಹೋಗುತ್ತಿದ್ದುವು. ತಂದೆಯ ಹೆಸರನ್ನು ಎರಡನೆಯ ಅಂಕಣಕ್ಕೆ ಒಯ್ದು ಅದನ್ನೂ ಸರಿಪಡಿಸಿದೆವು.

ಹಂಗಾಮಿನ ಕೊನೆಯ ವಾರದಲ್ಲಿ ಕನ್ನಡದ ಚೀಟಿಗಳು ಹೊರಬಂದುವು. ಕೊರಳಲ್ಲಿ ಚೀಟಿಯ ಮಾಲೆ ಹಾಕಿಕೊಂಡ ಹಿರಿಯರು ತಮ್ಮ ಚೀಟಿಯನ್ನು ದೂರ ಹಿಡಿದು ಓದಿದರು. ತಮ್ಮ ಹೆಸರು, ತಂದೆಯ ಹೆಸರು, ಊರು, ತೂಕ. “ಈಗ ನಾನೂ ಓದಬಹುದು” ಎಂದಷ್ಟೇ ಹೇಳಿ ಅದನ್ನೂ ದಾರಕ್ಕೆ ಪೋಣಿಸಿಕೊಂಡು ಹೊರಟರು. ಚೀಟಿಯನ್ನು ಬಿಸಾಡಲಿಲ್ಲ, ನನ್ನನ್ನು ನಂಬುತ್ತೇನೆಂದೂ ಹೇಳಲಿಲ್ಲ. ಅದು ಸರಿಯೆಂದೇ ನನಗೆ ತೋರಿತು. ಉತ್ತರವನ್ನು ನಂಬಬಾರದೆಂದಲ್ಲ, ಕರೆದವನು ತನ್ನ ಕೈಯಲ್ಲಿಯೂ ಒಂದು ದಾಖಲೆಯನ್ನು ಇಟ್ಟುಕೊಂಡಿರಬೇಕು. ನನ್ನ ಸರ್ವಿಸಿಗೆ ನಾನು ಬಹಳ ಕಷ್ಟಪಟ್ಟು ಕಲಿಸಿದುದನ್ನು ಅವರು ಒಂದು ದಾರದಿಂದ ಮಾಡಿಕೊಂಡಿದ್ದರು.